ಆಂಜನೇಯನ ಕೂಲಿಯ ಕಾರ್ಡು

ಶಿವಾರಪಟ್ಟಣ
8 ಅಕ್ಟೋಬರ್ 2025

ಅಖ್ತರ್ ಬಾನುಗೆ ಆಂಜಿನಮ್ಮ ಬರೆಯುವುದು.

ಇಲ್ಲಿ ಕ್ಷೇಮವಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತು. ಮಾಡಿದರೆ ನಿನಗೆ ಕಿವಿ ಕೇಳುವುದಿಲ್ಲ, ನಿನ್ನ ಸೊಸೆ ನಾನು ಹೇಳಿದ್ದನ್ನೆಲ್ಲ ನಿನ್ನ ಕಿವಿಗೆ ಕೂಗಿ ಹೇಳಬೇಕು. ನನ್ನ ಬೈಗುಳ ಆ ಹುಡುಗಿಯ ಬಾಯಿಗೆ ಹೋಗಿ ನಿನ್ನ ಕಿವಿಗೆ ಬರುವಷ್ಟರಲ್ಲಿ ಸಕ್ಕರೆ ಪಾಕ ಆಗಿರುತ್ತದೆ. ಅದು ಬೇಡ. ದೇವರಾಯಸಮುದ್ರದ ಇಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಒಂದೇ ಚಾಪೆ ಮೇಲೆ ಕೂತು ಕಲಿತ ಅಕ್ಷರ ಇಬ್ಬರಿಗೂ ಇನ್ನೂ ಇದೆಯಲ್ಲ, ಅದರಲ್ಲೇ ಬೈಸಿಕೋ.

ವಿಷಯ ನಿನ್ನ ಮೊಮ್ಮಗ ಶಹಬಾಜನದು. ನನ್ನ ಮೊಮ್ಮಗ ನಂದೀಶನ ಹತ್ತಿರ ಆಟ ಆಡುವ ಕಂಪ್ಯೂಟರು ಇರುವುದು ನಿನಗೆ ಗೊತ್ತು. ಹಗಲೆಲ್ಲ ಶೆಡ್ಡಿನಲ್ಲಿ ಉಳಿ ಹಿಡಿದು ಕೂತವನು ಸಂಜೆ ಕೈಕಾಲು ತೊಳೆದು ಅದರ ಮುಂದೆ ಕೂರುತ್ತಾನೆ. ಲಕ್ಕೂರಿನ ಹುಡುಗರು ಅವರವರ ಮನೆಯಲ್ಲೇ ಇದ್ದುಕೊಂಡು ಇವನ ಜೊತೆ ಸೇರಿ ಬಂದೂಕು ಹಿಡಿದು ಓಡಾಡುತ್ತಾರೆ. ಚಿತ್ರ ತಡೆತಡೆದು ಬರುತ್ತದೆ, ಗ್ರಾಫಿಕ್ಸ್ ಕಾರ್ಡು ಅಂತ ಒಂದು ಹಾಕಿಸಿದರೆ ಸರಿಯಾಗುತ್ತದೆ ಅಂತ ಅವರೇ ತಲೆ ತುಂಬಿದರು. ಇವನು ಆಳೆತ್ತರದ ಆಂಜನೇಯನನ್ನು ಕೆತ್ತಿದ ಕೂಲಿಯನ್ನೆಲ್ಲ ತಂದು ಶಹಬಾಜನ ಕಂಪ್ಯೂಟರು ಅಂಗಡಿಯಲ್ಲಿ ಸುರಿದ. ಮಾಲೂರು, ಕೋಲಾರ ಎಲ್ಲ ದಾಟಿ ಶ್ರೀನಿವಾಸಪುರಕ್ಕೇ ಹೋಗು, ಅಖ್ತರಿಯ ಮೊಮ್ಮಗ, ನಮ್ಮ ಹುಡುಗ ಅಂತ ಕಳಿಸಿದವಳು ನಾನು. ನನ್ನ ಬುದ್ಧಿಗೆ ಏನು ಹೇಳಲಿ.

ಆಟ ಆಡುವಾಗ ಮೂಲೆಯಲ್ಲಿ ಒಂದು ಅಂಕಿ ಕಾಣಿಸುತ್ತದೆ. ಒಂದು ಸೆಕೆಂಡಿಗೆ ಎಷ್ಟು ಚಿತ್ರ ಓಡುತ್ತದೆ ಅನ್ನುವ ಲೆಕ್ಕವಂತೆ. ಮೊದಲು ಇಪ್ಪತ್ತೈದು ಇತ್ತು. ನಿಮ್ಮ ಅಂಗಡಿಯಲ್ಲಿ ಕಾರ್ಡು ಹಾಕಿ ತೋರಿಸಿದಾಗ ನೂರು ದಾಟಿತು ಅಂತ ಇವನು ಕುಣಿದುಕೊಂಡು ಬಂದ. ಆಯುಧಪೂಜೆಯ ಹಿಂದಿನ ಸಂಜೆ ಕಂಪ್ಯೂಟರಿನ ಡಬ್ಬ ಮನೆಗೆ ಬಂತು. ಹಬ್ಬ ಮುಗಿದ ಮೇಲೆ ಹಾಕಿ ನೋಡಿದರೆ ಮತ್ತೆ ಅದೇ ಇಪ್ಪತ್ತೈದು. ಓಡುತ್ತಿದ್ದ ಮನುಷ್ಯ ನಡುದಾರಿಯಲ್ಲಿ ಗಕ್ಕನೆ ನಿಂತುಬಿಡುತ್ತಾನೆ. ನಮ್ಮ ಮನೆಯವರು ಕಲ್ಲನ್ನು ಮನುಷ್ಯ ಮಾಡುತ್ತಾರೆ. ನಿನ್ನ ಮೊಮ್ಮಗನ ಕಾರ್ಡು ಮನುಷ್ಯನನ್ನು ಕಲ್ಲು ಮಾಡುತ್ತದೆ.

ನಂದೀಶ ಹೇಳುವುದು ಹೀಗೆ: “ತೋರ್ಸಿದ್ದೊಂದು, ಕೊಟ್ಟಿದ್ದೊಂದು ಕಣಜ್ಜಿ. ಬಸ್ಸು ಎಷ್ಟೊತ್ತಿಗೆ ಅಂತ ಕೇಳೋಕೆ ನಾನು ಬಸ್‌ಸ್ಟ್ಯಾಂಡ್ ಕಡೆ ಹೋದ್ನಲ್ಲ, ಆವಾಗ ಬದಲಾಯ್ಸವ್ನೆ.”

ಇಬ್ಬರೂ ಫೋನಿನಲ್ಲಿ ಕಿತ್ತಾಡಿ, ಈಗ ಒಬ್ಬನ ಫೋನು ಇನ್ನೊಬ್ಬನಿಗೆ ಹೋಗದ ಹಾಗೆ ಮಾಡಿಕೊಂಡಿದ್ದಾರೆ. ಇನ್ನು ನಾವಿಬ್ಬರು ಮುದುಕಿಯರೇ ಗತಿ. ಅವನನ್ನು ಕೂರಿಸಿಕೊಂಡು ಕೇಳಿ ಬರೆ. ಸುತ್ತುಬಳಸು ಬೇಡ.

ಆಂಜಿನಮ್ಮ


ಶ್ರೀನಿವಾಸಪುರ
14 ಅಕ್ಟೋಬರ್ 2025

ಆಂಜಿ, ಸಲಾಂ.

ಹಬ್ಬ ಆದ ಮೇಲೆ ನಿನ್ನ ಕಾಗದ ಬಂತಲ್ಲ, ಒಬ್ಬಟ್ಟಿನ ಸಮಾಚಾರ ಇರುತ್ತದೆ ಅಂತ ಆಸೆಯಿಂದ ಒಡೆದೆ. ನನ್ನ ಕಿವಿ ಮಂದ ಆಗಿರುವುದು ನಿಜ. ಕಣ್ಣು ಚೆನ್ನಾಗಿದೆ. ಓದಿದೆ.

ಶಹಬಾಜನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೋರಾಗಿ ಓದಿದೆ. ಬದಲಾಯಿಸಿದ್ದಾನೆ ಅನ್ನುವ ಕಡೆ ಬಂದಾಗ ಹಾರಿಸಿ ಮುಂದೆ ಹೋದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. “ದಾದಿ, ಒಂದು ಸಾಲು ಬಿಟ್ರಿ,” ಅಂದ. ಕಾಗದ ಅವನ ಕೈಗೆ ಕೊಡಬೇಕಾಯಿತು.

ಅವನು ಬೈಯಲಿಲ್ಲ. ಅವನ ಮಾತು ಇಷ್ಟು: ಕಾರ್ಡು ಕೆಟ್ಟಿದ್ದರೆ ಚಿತ್ರವೇ ಬರುತ್ತಿರಲಿಲ್ಲ, ಇಲ್ಲ ಮೊದಲಿಗಿಂತ ಹಾಳಾಗಿ ಬರುತ್ತಿತ್ತು. ಹೆಚ್ಚೂ ಆಗದೆ ಕಡಿಮೆಯೂ ಆಗದೆ ಹಳೇ ಅಂಕಿಯೇ ಇದೆ ಅಂದರೆ ಕಂಪ್ಯೂಟರು ಆ ಕಾರ್ಡನ್ನು ಮುಟ್ಟುತ್ತಲೇ ಇಲ್ಲ. ಚಿತ್ರ ಬರುವ ಪರದೆಯ ವೈರನ್ನು ಸರಿಯಾದ ಕಡೆ ಹಾಕಿದ್ದೀಯಾ ಅಂತಲೇ ಅವನು ನಂದೀಶನನ್ನು ಫೋನಿನಲ್ಲಿ ಮೊದಲು ಕೇಳಿದ್ದಂತೆ. “ನನ್ಗೇ ಹೇಳ್ಕೊಡ್ತೀಯಾ? ಎಲ್ಲಾ ನಾನೇ ನೋಡಿ ಹಾಕಿದೀನಿ,” ಅಂತ ನಿನ್ನ ಮೊಮ್ಮಗ ಹೇಳಿದನಂತೆ. ಅದು ಸರಿಯಿದ್ದರೆ ಇನ್ನು ಧೂಳು ನೋಡಬೇಕು. ನಿಮ್ಮ ಊರಿನಲ್ಲಿ ಅನ್ನಕ್ಕೂ ಕಲ್ಲಿನ ಪುಡಿ ಬೀಳುತ್ತದೆ. ಕರೆಂಟು ತೆಗೆದು, ಡಬ್ಬದ ಪಕ್ಕದ ಹಲಗೆ ಬಿಚ್ಚಿ, ಮೆತ್ತನೆಯ ಬ್ರಶ್ಶಿನಲ್ಲಿ ಒರೆಸಲಿ. ಬಾಯಲ್ಲಿ ಊದಬಾರದಂತೆ, ಎಂಜಲು ಬೀಳುತ್ತದೆ.

ಆಂಜಿ, ಅಂಗಡಿ ಹೊಸದು. ನಮ್ಮ ಹಾಸಿಗೆ ಅಂಗಡಿಯಲ್ಲಿ ಅರ್ಧ ಜಾಗ ಬಿಡಿಸಿ ಜಾನ್ ಪಾಷಾ ಮಗನಿಗೆ ಕೊಟ್ಟಿದ್ದಾನೆ. ನನ್ನ ಮಗ ಎಂಥವನು ಅಂತ ನಿನಗೆ ಗೊತ್ತು, ಮಾತು ಕಡಿಮೆ, ನೋಡುವುದು ಜಾಸ್ತಿ. ಬದಲಾಯಿಸಿದ ಅನ್ನುವ ಮಾತನ್ನು ಬೇರೆ ಯಾರ ಹತ್ತಿರವೂ ಆಡಬೇಡ. ನನ್ನ ಹತ್ತಿರ ಆಡಿದೆ, ಆಯಿತು.

ಅಖ್ತರ್


ಶಿವಾರಪಟ್ಟಣ
18 ಅಕ್ಟೋಬರ್ 2025

ಅಖ್ತರಿ,

ನಿನ್ನ ಮೊಮ್ಮಗನ ಮಾತು ಕೇಳಿ ನಿನ್ನೆ ಡಬ್ಬ ಬಿಚ್ಚಿದೆವು. ದೇವರ ವಿಗ್ರಹದ ಕಣ್ಣು, ಮೂಗಿನ ಸಂದಿ ಒರೆಸುವುದಕ್ಕೆ ನಮ್ಮಲ್ಲಿ ಅಳಿಲು ಬಾಲದಂಥ ಬ್ರಶ್ಶು ಇದೆ. ಅದರಲ್ಲಿ ನಾನೇ ಒರೆಸಿದೆ. ಕಲ್ಲಿನ ಪುಡಿ ಒಂದು ಚಿಟಿಕೆಯೂ ಸಿಗಲಿಲ್ಲ, ಆ ಡಬ್ಬಕ್ಕೆ ಬಟ್ಟೆ ಮುಚ್ಚದೆ ನಾನು ಮಲಗುವುದಿಲ್ಲ. ಸಿಕ್ಕಿದ್ದು ಏನು ಗೊತ್ತಾ? ಹತ್ತಿ. ಬೆರಳುದ್ದ ಬಿಳೀ ಹತ್ತಿಯ ಎಳೆ, ಹೊಸ ಕಾರ್ಡಿನ ಪಕ್ಕದಲ್ಲೇ. ನಮ್ಮೂರಿನಲ್ಲಿ ಹತ್ತಿ ಬಡಿಯುವವರು ಯಾರೂ ಇಲ್ಲ. ಒಂದು ಕಡೆ ಹಾಸಿಗೆ ತುಂಬುತ್ತಾ ಇನ್ನೊಂದು ಕಡೆ ಕಂಪ್ಯೂಟರು ಬಿಚ್ಚಿದರೆ ಇನ್ನೇನಾಗುತ್ತದೆ.

ಹತ್ತಿ ತೆಗೆದು, ಮುಚ್ಚಿ, ಹಾಕಿದೆವು. ಇಪ್ಪತ್ತೈದು.

ವೈರಿನ ವಿಷಯ ಕೇಳಿದೆ. “ನೋಡಿದ್ಯೇನ್ಲಾ?” ಅಂದೆ. “ನೋಡ್ದೆ ಇರ್ತೀನಾ ಅಜ್ಜಿ, ಸರ್‍ಯಾಗೈತೆ,” ಅಂದ. ನನ್ನ ಮೊಮ್ಮಗ ಸುಳ್ಳು ಹೇಳುವವನಲ್ಲ.

ಅವನ ಮುಖ ನೋಡುವುದಕ್ಕೆ ಆಗುತ್ತಿಲ್ಲ ಕಣೇ. ಲಕ್ಕೂರಿನ ಹುಡುಗರು ಕಿವಿಯ ಹೆಡ್‌ಫೋನಿನಲ್ಲೇ ಗೇಲಿ ಮಾಡುತ್ತಾರೆ. ಹೊರಗೆ ಕೂತ ನನಗೂ ಕೇಳಿಸುತ್ತದೆ. “ನಂದೀಶಾ, ನಿನ್ನ ಹೊಸಾ ಕಾರ್ಡು ಬಸ್ಸಲ್ಲೇ ಮರ್ತು ಬಂದ್ಯಾ?” ಅಂತಾರೆ. ಇವನು ಆಟ ನಿಲ್ಲಿಸಿ ಮಲಗುತ್ತಾನೆ. ಬೆಳಿಗ್ಗೆ ಉಳಿ ಹಿಡಿದರೆ ಕೈ ಬಿರುಸು. ಮೊನ್ನೆ ಒಂದು ನಾಗರಕಲ್ಲಿನ ಹೆಡೆ ಮುಕ್ಕಾಯಿತು. ಅವರಪ್ಪ ನೋಡಿಯೂ ನೋಡದ ಹಾಗೆ ಹೋದ.

ಇನ್ನೇನು ನೋಡಬೇಕು ಅಂತ ಕೇಳಿ ಬರೆ. ಈ ಸಲ ಹತ್ತಿಯ ಬಗ್ಗೆಯೂ ಕೇಳು.

ಆಂಜಿನಮ್ಮ


ಶ್ರೀನಿವಾಸಪುರ
25 ಅಕ್ಟೋಬರ್ 2025

ಆಂಜಿನಮ್ಮ,

ಹತ್ತಿಯ ಬಗ್ಗೆ ಕೇಳಿದೆ. ಒಂದು ಎಳೆ ಹತ್ತಿಯಿಂದ ಕಾರ್ಡು ಕೆಡುವುದಿಲ್ಲವಂತೆ. ಆದರೂ ಕೆಲಸ ಮಾಡುವ ಜಾಗಕ್ಕೆ ಬಟ್ಟೆಯ ಪರದೆ ಕಟ್ಟಿದ್ದಾನೆ. ಕಟ್ಟುವಾಗ ಅವನ ಅಪ್ಪ ಕೇಳಿದ, “ಇದ್ಯಾಕೆ?” ಅಂತ. ಇವನು ಹೇಳಲಿಲ್ಲ.

ನಾನೂ ಒಂದು ವಿಷಯ ಕೇಳಬೇಕು. ಫೋನಿನ ನಕಾಶೆಯಲ್ಲಿ ಅಂಗಡಿಗಳೆಲ್ಲ ಕಾಣಿಸುತ್ತವೆ, ಅದರ ಕೆಳಗೆ ಹೋಗಿಬಂದವರು ನಕ್ಷತ್ರ ಹಾಕಿ ಒಳ್ಳೆಯದೋ ಕೆಟ್ಟದ್ದೋ ಬರೆಯುತ್ತಾರೆ. ನನ್ನ ಮೊಮ್ಮಗಳು ಕಹಕಶಾ ತೋರಿಸಿದಳು. ನಮ್ಮ ಶಹಬಾಜನ ಅಂಗಡಿಯ ಕೆಳಗೆ ಯಾರೋ ಒಂದೇ ನಕ್ಷತ್ರ ಹಾಕಿ ಬರೆದಿದ್ದಾರೆ: “ತೋರ್ಸೋದು ಹೊಸಾ ಕಾರ್ಡು, ಹಾಕೋದು ಹಳೇದು. ಮೋಸ. ಯಾರೂ ಹೋಗ್ಬೇಡಿ.” ಹೆಸರಿನ ಜಾಗದಲ್ಲಿ ಏನೇನೋ ಇಂಗ್ಲಿಷು ಅಕ್ಷರ. ಆದರೆ ಪಕ್ಕದಲ್ಲಿ ಒಂದು ಬಸವಣ್ಣನ ಪಟ ಇದೆ, ಕಪ್ಪು ಕಲ್ಲಿನದು, ಕೊರಳಲ್ಲಿ ಎರಡು ಸಾಲು ಗೆಜ್ಜೆ. ಆ ಬಸವಣ್ಣನನ್ನು ನಾನು ನಿಮ್ಮ ಜಗುಲಿಯ ಮೇಲೆ ನೋಡಿದ್ದೇನೆ, ಆಂಜಿ. ಕೈಯಿಂದ ಮುಟ್ಟಿ ನೋಡಿದ್ದೇನೆ.

ಇಲ್ಲಿಯ ಒಂದು ಇಸ್ಕೂಲಿನವರು ಅವರ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಕೆಲಸ ಶಹಬಾಜನಿಗೆ ಕೊಡುತ್ತೇವೆ ಅಂತ ಬಾಯಿಮಾತಿನಲ್ಲಿ ಒಪ್ಪಿದ್ದರು. ಈಗ, ನೋಡೋಣ ಅನ್ನುತ್ತಾರೆ. ಯಾಕೆ ಅಂತ ಅವರು ಹೇಳುವುದಿಲ್ಲ, ನಮಗೆ ಕೇಳುವ ಮುಖ ಇಲ್ಲ.

ನೀನು ಹೇಳಿ ಬರೆಸಿದೆಯಾ? ಇಷ್ಟು ಮಾತ್ರ ತಿಳಿಸು.

ಶಹಬಾಜ ಮಾತ್ರ ಇನ್ನೂ ನಿಮ್ಮ ಡಬ್ಬದ ವಿಷಯವೇ ಯೋಚಿಸುತ್ತಿದ್ದಾನೆ. ಆಟ ಓಡುತ್ತಿರುವಾಗ ಪಕ್ಕದ ಹಲಗೆ ತೆಗೆದು, ಹೊಸ ಕಾರ್ಡಿನ ಫ್ಯಾನು ತಿರುಗುತ್ತದೋ ಇಲ್ಲವೋ ನೋಡಬೇಕಂತೆ. ಕೈ ಹಾಕಬಾರದು, ಬರೀ ನೋಡಬೇಕು.

ಅಖ್ತರ್ ಬಾನು


ಶಿವಾರಪಟ್ಟಣ
31 ಅಕ್ಟೋಬರ್ 2025

ಅಖ್ತರ್ ಬಾನು,

ನಾನು ಹೇಳಿ ಬರೆಸಲಿಲ್ಲ. ನನಗೆ ಗೊತ್ತೂ ಇರಲಿಲ್ಲ. ನಿನ್ನ ಕಾಗದ ಓದಿ ಅವನನ್ನು ಕೇಳಿದೆ. “ಬರ್ದಿದೀನಿ ಕಣಜ್ಜಿ. ಇನ್ನೊಬ್ರು ಮೋಸ ಹೋಗ್ಬಾರ್ದಲ್ಲ,” ಅಂದ. ಇದರಲ್ಲಿ ನಾನು ಏನು ತಪ್ಪು ಹಿಡಿಯಲಿ? ವಿಗ್ರಹದ ಮೂಗು ಸೊಟ್ಟ ಇದ್ದರೆ ಕೊಂಡವರು ನಮ್ಮ ಬಾಗಿಲಲ್ಲೇ ನಿಂತು ಹತ್ತು ಜನಕ್ಕೆ ಕೇಳುವ ಹಾಗೆ ಹೇಳುತ್ತಾರೆ. ನಾವು ಕೇಳಿಸಿಕೊಳ್ಳುತ್ತೇವೆ. ಅಂಗಡಿ ಇಟ್ಟವನು ಕೇಳಿಸಿಕೊಳ್ಳಬೇಕು.

ಫ್ಯಾನು ನೋಡು ಅಂದನಲ್ಲ, ನೋಡಿದೆ. ನಂದೀಶ ಆಟ ಹಾಕಿದ, ನಾನು ಟಾರ್ಚು ಬಿಟ್ಟುಕೊಂಡು ಡಬ್ಬದ ಪಕ್ಕ ಕುಕ್ಕರುಗಾಲಿನಲ್ಲಿ ಕೂತೆ. ನನ್ನ ಮಂಡಿ ಇನ್ನೂ ನನ್ನನ್ನು ಬೈಯುತ್ತಿದೆ. ಕಾರ್ಡಿನಲ್ಲಿ ಎರಡು ಫ್ಯಾನು. ಎರಡೂ ಅಲ್ಲಾಡುವುದಿಲ್ಲ. ಡಬ್ಬದ ಬೇರೆ ಫ್ಯಾನೆಲ್ಲ ಗುಂಯ್ ಅನ್ನುತ್ತಿವೆ, ಅವೆರಡು ಮಾತ್ರ ಹೆಣದ ಹಾಗೆ ಬಿದ್ದಿವೆ.

ಇನ್ನು ಏನು ನೋಡುವುದು ಉಳಿದಿದೆ? ಸತ್ತ ಕಾರ್ಡು ಹಾಕಿ ಕಳಿಸಿದ್ದಾನೆ. ತಿಳಿದು ಹಾಕಿದನೋ ತಿಳಿಯದೆ ಹಾಕಿದನೋ ಅವನಿಗೇ ಗೊತ್ತು. ಪರದೆ ಕಟ್ಟಿಕೊಂಡು ಒಳಗೆ ಕೂತರೆ ಯಾರು ಏನು ಬದಲಾಯಿಸುತ್ತಾರೆ ಅಂತ ಯಾರಿಗೆ ಕಾಣುತ್ತದೆ.

ಒಂದು ಆಂಜನೇಯನ ಕೂಲಿ ಅಖ್ತರ್. ಆ ಬಾಲವೊಂದನ್ನೇ ಎಷ್ಟು ಸಲ ತಿದ್ದಿದ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಆಂಜಿನಮ್ಮ


ಶ್ರೀನಿವಾಸಪುರ
8 ನವೆಂಬರ್ 2025

ಶ್ರೀಮತಿ ಆಂಜಿನಮ್ಮನವರಿಗೆ,

ನಿಮ್ಮ ಕಾಗದ ತಲುಪಿತು. ಪರದೆಯ ಬಗ್ಗೆ ಬರೆದ ಸಾಲನ್ನೂ ಶಹಬಾಜ ಓದಿದ್ದಾನೆ. ಮಾರನೇ ದಿನ ಪರದೆ ಬಿಚ್ಚಿ ಹಾಕಿದ.

ಕಾರ್ಡನ್ನು ವಾಪಸು ಕಳಿಸಿಕೊಡಿ. ಕೊಟ್ಟದ್ದನ್ನೆಲ್ಲ ಹಿಂದಕ್ಕೆ ಕೊಡುತ್ತಾನೆ. ಅವನ ಅಪ್ಪನಿಗೆ ತಿಳಿಯದ ಹಾಗೆ ಕೊಡುತ್ತಾನೆ, ಹೇಗೆ ಅಂತ ನೀವು ಕೇಳಬೇಡಿ.

ನಿಂತ ಫ್ಯಾನು ಸತ್ತ ಫ್ಯಾನು ಅಲ್ಲವಂತೆ. ಕೆಲಸ ಬಂದರೆ ತಿರುಗುತ್ತದೆ, ಕೆಲಸ ಇಲ್ಲದಿದ್ದರೆ ಸುಮ್ಮನಿರುತ್ತದೆ. ಆ ಕಾರ್ಡಿಗೆ ಯಾರೂ ಕೆಲಸ ಕೊಟ್ಟಿಲ್ಲ ಅನ್ನುತ್ತಾನೆ. ಕಳಿಸುವುದಕ್ಕೆ ಮುಂಚೆ ಒಂದೇ ಒಂದು ಸಲ ಡಬ್ಬದ ಬೆನ್ನು ನೋಡಿ ಅಂತ ಅವನೇ ಈ ಕಾಗದದ ಹಿಂದೆ ಚಿತ್ರ ಬರೆದಿದ್ದಾನೆ. ಡಬ್ಬದ ಬೆನ್ನಿನಲ್ಲಿ ವೈರು ಚುಚ್ಚುವ ಒಂದೇ ಥರದ ಕಿಂಡಿ ಎರಡು ಕಡೆ ಇರುತ್ತದೆ. ಮೇಲೆ ಇರುವ ಕಿಂಡಿ ಹಳೆಯದು, ಡಬ್ಬದ್ದೇ. ಕೆಳಗೆ ಅಡ್ಡಕ್ಕೆ ಮಲಗಿರುವ ಪಟ್ಟಿಯಲ್ಲಿ ಇರುವುದು ಹೊಸ ಕಾರ್ಡಿನದು. ಪರದೆಯ ವೈರು ಕೆಳಗಿನದರಲ್ಲಿ ಇರಬೇಕು. ಬೇರೆಯವರು ನೋಡಿದ್ದಾರೆ ಅಂತ ಬಿಡಬೇಡಿ, ನೀವೇ ಕಣ್ಣಿಂದ ನೋಡಿ ಅಂತ ಹೇಳಿದ್ದಾನೆ. ಅವನ ಮಾತನ್ನು ಬರೆದಿದ್ದೇನೆ. ನನ್ನ ಮಾತು ಏನೂ ಇಲ್ಲ.

ಅಖ್ತರ್ ಬಾನು


ಶಿವಾರಪಟ್ಟಣ
12 ನವೆಂಬರ್ 2025

ಅಖ್ತರಿ,

ಶ್ರೀಮತಿಯಂತೆ, ನೀವಂತೆ. ನನ್ನ ಲಂಗ ಹರಿದಾಗ ಪಿನ್ನು ಹಾಕಿದವಳು ನೀನು. ಆ ಕಾಗದ ಓದಿ ಹರಿದು ಒಲೆಗೆ ಹಾಕುತ್ತಿದ್ದೆ, ಹಿಂದೆ ಚಿತ್ರ ಇತ್ತು ಅಂತ ಉಳಿಯಿತು.

ನೋಡಿದೆ. ನಂದೀಶ ಶೆಡ್ಡಿಗೆ ಹೋಗಿದ್ದ. ಡಬ್ಬ ಗೂಡಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತದೆ. ಎಳೆದು ತಿರುಗಿಸಿದೆ. ಪರದೆಯ ವೈರು ಮೇಲಿನ ಕಿಂಡಿಯಲ್ಲಿತ್ತು.

ಹಾಕಿದವಳು ನಾನು ಕಣೇ.

ನಮ್ಮಲ್ಲಿ ಆಯುಧಪೂಜೆಯ ದಿನ ಉಳಿ, ಸುತ್ತಿಗೆ, ಅಳತೆಗೋಲು ಎಲ್ಲವನ್ನೂ ತೊಳೆದು ದೇವರ ಮುಂದೆ ಜೋಡಿಸುತ್ತೇವೆ. ಆಮೇಲೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಮಾರನೇ ದಿನ ವಿಜಯದಶಮಿಗೆ ಮನೆಯ ಹಿರಿಯರ ಕೈಯಿಂದಲೇ ಅವರವರ ಆಯುಧ ಅವರವರಿಗೆ ಹೋಗಬೇಕು. ಈಗ ಹಿರಿಯಳು ನಾನೇ. ನಂದೀಶ ಹೊಸ ಕಾರ್ಡು ಹಾಕಿದ ಡಬ್ಬವನ್ನೂ ಉಳಿಗಳ ಪಕ್ಕ ಇಟ್ಟು ಕುಂಕುಮ ಇಡಿಸಿದ್ದ. ವೈರುಗಳೆಲ್ಲ ಮನೆಯಲ್ಲೇ ಬಿದ್ದಿದ್ದವು. ಬೆಳಿಗ್ಗೆ ಎಲ್ಲರಿಗೂ ಉಳಿ ಕೊಟ್ಟು, ಇವನಿಗೆ ಡಬ್ಬ ಕೊಟ್ಟು, ವೈರುಗಳನ್ನೂ ನನ್ನ ಕೈಯಿಂದಲೇ ಚುಚ್ಚಿದೆ. ಇವನು ಆರತಿ ತಟ್ಟೆ ಹಿಡಿದು ಮುಂದೆ ನಿಂತಿದ್ದ. “ಎಲ್ಲಿತ್ತೋ ಅಲ್ಲಿಗೇ ಹಾಕಜ್ಜಿ,” ಅಂದ. ಎಲ್ಲಿತ್ತು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದಿನಾ ಅದರ ಬೆನ್ನು ಒರೆಸುವವಳು ನಾನು. ಎಲ್ಲಿತ್ತೋ ಅಲ್ಲಿಗೇ ಹಾಕಿದೆ. ಅದೇ ತಪ್ಪಾಯಿತು. ಹಿಂದೆ ಬಂದು ನೋಡುವ ಕೆಲಸ ಇವನು ಮಾಡಲಿಲ್ಲ. ಅಜ್ಜಿ ಹಾಕಿದಳು ಅನ್ನುವುದಕ್ಕೆ ನಾಚಿಕೆಯಾಗಿ, ಫೋನಿನಲ್ಲಿ, ನಾನೇ ನೋಡಿ ಹಾಕಿದ್ದೇನೆ ಅಂದಿದ್ದಾನೆ.

ಸಂಜೆ ಅವನು ಬಂದ ಮೇಲೆ ವೈರು ಕಿತ್ತು ಕೆಳಗಿನ ಕಿಂಡಿಗೆ ಹಾಕಿದೆ. ಆಟ ಹಾಕು ಅಂದೆ. ಅಂಕಿ ನೂರ ಹನ್ನೆರಡು ತೋರಿಸಿತು. ಫ್ಯಾನು ಎರಡೂ ಗಿರ್ರನೆ ತಿರುಗಿದವು. ಹುಡುಗ ಬಾಯಿ ತೆರೆದುಕೊಂಡು ಕೂತ. ಆಮೇಲೆ ನನ್ನನ್ನು ಎತ್ತಿಕೊಳ್ಳುವುದಕ್ಕೆ ಬಂದ, ಸೊಂಟ ಮುರಿಯುತ್ತೀಯ ಅಂತ ಬೈದೆ. ರಾತ್ರಿ ಊಟದ ಹೊತ್ತಿಗೆ ಲಕ್ಕೂರಿನ ಹುಡುಗರಿಗೆಲ್ಲ ಗುಂಡು ಹೊಡೆದು ಬಂದಿದ್ದ. ಎರಡು ಮುದ್ದೆ ತಿಂದ. ಈ ಮನೆಯಲ್ಲಿ ಹಬ್ಬ ಈಗ ಆಯಿತು.

ನಕ್ಷತ್ರ ತೆಗಿ ಅಂತ ಹೇಳಿದ್ದೇನೆ. ತೆಗೀತೀನಿ ಅಂದಿದ್ದಾನೆ.

ಆದರೂ ಒಂದು ಮಾತು. ಒಂದೇ ಥರದ ಎರಡು ಕಿಂಡಿ ಒಂದೇ ಡಬ್ಬದಲ್ಲಿ ಇದ್ದ ಮೇಲೆ, ಬೇಡದ್ದಕ್ಕೆ ಒಂದು ಚೂರು ಕಾಗದ ಅಂಟಿಸಿ ಕಳಿಸುವುದಕ್ಕೆ ಶಹಬಾಜನಿಗೆ ಏನಾಗಿತ್ತು?

ಅಲ್ಲಿಗೆ ಮುಗಿಯಿತಲ್ಲ. ಇನ್ನಾದರೂ ಒಬ್ಬಟ್ಟಿನ ವಿಷಯ ಬರೆಯೋಣ.

ನಿನ್ನ ಆಂಜಿ


ಶ್ರೀನಿವಾಸಪುರ
24 ನವೆಂಬರ್ 2025

ಆಂಜಿನಮ್ಮ,

ತಡವಾಗಿ ಬರೆಯುತ್ತಿದ್ದೇನೆ. ಬರೆಯುವುದೇ ಬೇಡ ಅಂತ ಇದ್ದೆ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಹಬ್ಬದ ವಿಷಯ ಇದೆ, ಕಿಂಡಿಯ ವಿಷಯ ಇದೆ, ನಂದೀಶ ಮುದ್ದೆ ತಿಂದದ್ದೂ ಇದೆ. ಶಹಬಾಜನ ಹೆಸರು ಒಂದೇ ಸಲ ಬಂದಿದೆ, ಅದೂ ಬೈಯುವುದಕ್ಕೆ. ನಿನಗೆ ಅಲ್ಲಿಗೆ ಮುಗಿಯಿತು.

ಇಲ್ಲಿ ಏನಾಯಿತು ಅಂತ ಹೇಳುತ್ತೇನೆ. ಇಷ್ಟು ದಿನ ಹೇಳಲಿಲ್ಲ, ನೀನು ನೊಂದುಕೊಳ್ಳುತ್ತೀಯ ಅಂತ. ನೋಡು, ನಾನು ಎಂಥ ಹುಚ್ಚಿ.

ಆ ಇಸ್ಕೂಲಿನವರು ಕೆಲಸವನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ, ಇವನಿಗೂ ಕೊಟ್ಟಿಲ್ಲ. ಅವರ ಹತ್ತಿರ ಕೆಲಸ ಮಾಡುವವನು ಒಬ್ಬ ಹಾಸಿಗೆ ಕೊಳ್ಳುವುದಕ್ಕೆ ಬಂದಿದ್ದ. ಜಾನ್ ಪಾಷಾ ಅಂಗಡಿಯಲ್ಲಿದ್ದ. “ನಿಮ್ ಮಗನ ಮೇಲೆ ಯಾರೋ ಹಂಗೆ ಬರ್ದವ್ರಲ್ಲ, ನಿಜವಾ?” ಅಂತ ನಗುತ್ತಾ ಕೇಳಿದ. ಜಾನ್ ಪಾಷಾ ಹಾಸಿಗೆ ಸುತ್ತಿ ಕಟ್ಟಿ ಕೊಟ್ಟ. ಅವನು ಹೋದ ಮೇಲೆ ಮಗನ ಕಡೆ ನೋಡದೆ ಗೋಡೆಗೆ ಹೇಳಿದ: “ಮದುವೆ ಸೀಸನ್ ಬಂತು. ಹಾಸಿಗೆ ಇಡೋಕೆ ಜಾಗ ಸಾಲ್ತಿಲ್ಲ.” ಅಷ್ಟೇ. ಈ ಅಂಗಡಿಯಲ್ಲಿ ಅವನ ಅಪ್ಪನ ಕಾಲದಿಂದ ಯಾರೂ ಮೋಸ ಅನ್ನುವ ಮಾತು ಕೇಳಿಸಿಕೊಂಡಿರಲಿಲ್ಲ.

ಈಗ ಅರ್ಧ ಅಂಗಡಿಯಲ್ಲಿ ಹಾಸಿಗೆಗಳು ಸೊಂಟದ ಮಟ್ಟಕ್ಕೆ ಬಂದಿವೆ. ಶಹಬಾಜ ಒಂದು ಮೇಜಿನ ಮೇಲೆ ಕೂತು ಕೆಲಸ ಮಾಡುತ್ತಾನೆ. ತಿಂಗಳು ಕಳೆದರೆ ಆ ಮೇಜೂ ಹೋಗುತ್ತದೆ. ಆಮೇಲೆ ಅವನು ಅಪ್ಪನ ಜೊತೆ ಹತ್ತಿ ತುಂಬುವುದಕ್ಕೆ ಕೂರುತ್ತಾನೆ. ಅದು ಕೀಳು ಕೆಲಸ ಅಂತ ನಾನು ಹೇಳುತ್ತಿಲ್ಲ, ಅದರಲ್ಲೇ ನಾನು ಉಂಡಿದ್ದೇನೆ. ಆದರೆ ಸೋತು ಬಂದು ಕೂರಬಾರದು.

ಕಿಂಡಿ ಸಿಕ್ಕಿತು ಅಂತ ನಿನ್ನ ಕಾಗದ ಬಂದ ದಿನ ಅವನಿಗೆ ತೋರಿಸಿದೆ. ಓದಿ, ನಕ್ಕ. ತುಂಬಾ ದಿನದ ಮೇಲೆ ನಕ್ಕ. “ದಾದಿ, ನಕ್ಷತ್ರ ಹೋಗಿರ್ಬೇಕು ನೋಡಿ,” ಅಂತ ಫೋನು ತೆಗೆದ. ಹೋಗಿರಲಿಲ್ಲ. ಮಾರನೇ ದಿನ ನೋಡಿದ. ಈಗ ನೋಡುವುದನ್ನು ಬಿಟ್ಟಿದ್ದಾನೆ. ನಾನು ಕಹಕಶಾಳ ಹತ್ತಿರ ಕದ್ದು ಕೇಳುತ್ತೇನೆ. ಬಸವಣ್ಣ ಅಲ್ಲೇ ಕೂತಿದ್ದಾನೆ.

ಅಖ್ತರ್


ಶಿವಾರಪಟ್ಟಣ
29 ನವೆಂಬರ್ 2025

ಅಖ್ತರಿ,

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ಓದಿ, ಚಪ್ಪಲಿ ಹಾಕಿಕೊಂಡು ನೇರ ಶೆಡ್ಡಿಗೆ ಹೋದೆ. ಅವನು ಒಂದು ಲಕ್ಷ್ಮಿಯ ಕೈ ಬಿಡಿಸುತ್ತಿದ್ದ. ಉಳಿ ಕೆಳಗಿಡು ಅಂದೆ.

“ನಕ್ಷತ್ರ ತೆಗ್ದ್ಯೇನ್ಲಾ?”

“ತೆಗೀತೀನಿ ಕಣಜ್ಜಿ. ಸ್ವಲ್ಪ ದಿನ ಹೋಗ್ಲಿ.”

“ಯಾಕ್ಲಾ ಹೋಗ್ಬೇಕು?”

ಲಕ್ಷ್ಮಿಯ ಕೈ ಮೇಲಿನ ಪುಡಿ ಒರೆಸಿದ. ಆಮೇಲೆ ಹೇಳಿದ: “ಅಂಗಡಿಯವ್ನು ಮೋಸ ಮಾಡ್ದ ಅಂತ ಲಕ್ಕೂರು ಹುಡುಗ್ರಿಗೆಲ್ಲ ಹೇಳ್ಬಿಟ್ಟಿದೀನಿ. ಈಗ ಹೆಂಗೆ ಓಡ್ತು ಅಂದ್ರು. ನಾನೇ ಮಾಲೂರಿಗೆ ತಗೊಂಡೋಗಿ ರಿಪೇರಿ ಮಾಡಿಸ್ದೆ ಅಂದೆ. ಈಗ ನಕ್ಷತ್ರ ತೆಗದ್ರೆ ಯಾಕೆ ಅಂತಾರೆ. ನಮ್ಮಜ್ಜಿ ವೈರು ತಪ್ಪಾಗಿ ಹಾಕಿದ್ಲು ಅನ್ಲಾ? ನಿನ್ನ ಮರ್ಯಾದೆ ಏನಾಗ್ಬೇಕು?”

“ನನ್ನ ಮರ್ಯಾದೆ ಕಾಯೋಕೆ ಆ ಹುಡುಗನ ಅಂಗಡಿ ಮುಚ್ಚುಸ್ತೀಯಾ?” ಅಂದೆ.

ಅವನು ಕಾಯುತ್ತಿದ್ದದ್ದು ನನ್ನದಲ್ಲ, ತನ್ನದು. ಅವನಿಗೂ ಗೊತ್ತು, ನನಗೂ ಗೊತ್ತು. ಸುತ್ತ ಉಳಿ ಹಿಡಿದವರೆಲ್ಲ ಕೈ ನಿಲ್ಲಿಸಿ ಕೇಳುತ್ತಿದ್ದರು. ಕೇಳಲಿ ಅಂತಲೇ ಅಲ್ಲಿಗೆ ಹೋಗಿದ್ದೆ. ನಿನ್ನ ಕಾಗದವನ್ನು ಅವನ ಕೈಗೆ ಕೊಟ್ಟೆ. ಹಾಸಿಗೆ ಸೊಂಟದ ಮಟ್ಟಕ್ಕೆ ಬಂದಿದೆ ಅನ್ನುವ ಕಡೆ ಅವನು ಓದುವುದು ನಿಂತಿತು. ಫೋನು ತೆಗೆದ. “ತಗೋ, ಈಗ್ಲೇ ತೆಗೀತೀನಿ,” ಅಂದ. ಬೇಡ ಅಂದೆ. ಇಲ್ಲಿ ಕೂತು ಬೆರಳಿನಲ್ಲಿ ಒರೆಸಿಬಿಟ್ಟರೆ, ಒರೆಸಿದ್ದು ಯಾಕೆ ಅಂತ ಯಾರಿಗೆ ತಿಳಿಯುತ್ತದೆ? ಯಾರೋ ದುಡ್ಡು ಕೊಟ್ಟು ಒರೆಸಿದರು ಅನ್ನುತ್ತಾರೆ.

ಈಗ ನಾನು ಹೇಳುವ ಸಾಲುಗಳನ್ನು ಜಾನ್ ಪಾಷಾಗೆ ನೀನೇ ಓದಿ ಹೇಳು. ಹಾರಿಸಬೇಡ.

ಜಾನ್ ಪಾಷಾ, ನಿನ್ನ ಮಗ ಮಾಡಿದ ಕೆಲಸ ಮೊದಲ ದಿನವೇ ಸರಿಯಾಗಿತ್ತು. ಕೆಡಿಸಿದ ಕೈ ನನ್ನದು. ನೋಡದೆ ನೋಡಿದೆ ಅಂದ ಬಾಯಿ ನನ್ನ ಮೊಮ್ಮಗನದು. ಅದನ್ನು ನಂಬಿಕೊಂಡು ನಿಮ್ಮ ಮನೆಗೆ ಬರೆಯಬಾರದ ಮಾತು ಬರೆದವಳೂ ನಾನೇ. ಇಷ್ಟು ಬೈಸಿಕೊಂಡೂ ನಮ್ಮ ಡಬ್ಬದ ಬಗ್ಗೆ ಯೋಚನೆ ಬಿಡದವನು ನಿನ್ನ ಮಗ ಒಬ್ಬನೇ. ಅವನ ಮೇಲೆ ಬಿದ್ದ ಮಾತು ಸುಳ್ಳು. ಹಾಸಿಗೆಗಳನ್ನು ನಿನ್ನ ಕಡೆಗೆ ತೆಗೆದುಕೋ.

ಇನ್ನು ನಿನಗೆ, ಅಖ್ತರಿ. ಹತ್ತಿಯ ಮಾತು, ಪರದೆಯ ಮಾತು ಎರಡೂ ಬರೆಯುವಾಗ ನನಗೆ ಚೆನ್ನಾಗಿ ಬರೆದೆ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಇದಕ್ಕಿಂತ ಹೆಚ್ಚಿಗೆ ಬರೆಯುವುದು ನನಗೆ ಬರುವುದಿಲ್ಲ, ನಾಲ್ಕನೇ ಕ್ಲಾಸಿನಲ್ಲಿ ಅಷ್ಟೇ ಕಲಿಸಿದ್ದು.

ಈ ಕಾಗದ ಪೋಸ್ಟಿನಲ್ಲಿ ಬರುವುದಿಲ್ಲ. ತಂದುಕೊಟ್ಟು ನಿನ್ನ ಮುಂದೆ ನಿಂತಿರುವವನು ನಂದೀಶ. ಒಳಗೆ ಏನಿದೆ ಅಂತ ಅವನಿಗೆ ಗೊತ್ತಿಲ್ಲ, ಗಂಜಿ ಹಚ್ಚಿ ಅಂಟಿಸಿದ್ದೇನೆ. ಅವನಿಗೆ ಹೇಳಿ ಕಳಿಸಿರುವುದು ಇಷ್ಟೇ: ಜಾನ್ ಪಾಷಾ ಎದುರಿಗೆ ನಿಂತು ನಡೆದದ್ದನ್ನು ಅವನ ಬಾಯಿಂದ ಹೇಳಬೇಕು. ಶಹಬಾಜ ನೋಡುತ್ತಿರುವಾಗ ಆ ಬರಹ ತೆಗೆಯಬೇಕು. ಆ ಜಾಗದಲ್ಲಿ ನಿಜ ಏನು ಅಂತ ಬರೆಯಬೇಕು, ವೈರು ಹಾಕಿದ ಅಜ್ಜಿಯ ಹೆಸರು ಸಮೇತ. ಬರೆದದ್ದನ್ನು ಲಕ್ಕೂರಿನ ಹುಡುಗರಿಗೂ ಅಲ್ಲಿಂದಲೇ ಕಳಿಸಬೇಕು. ಆಮೇಲೆ ಶಹಬಾಜನ ಜೊತೆ ಆ ಇಸ್ಕೂಲಿಗೆ ಹೋಗಿ ಬರಬೇಕು. ಅವರು ಕೆಲಸ ಕೊಡುತ್ತಾರೋ ಇಲ್ಲವೋ, ಇವನು ಹೇಳಿ ಬರಬೇಕು.

ಅವನಿಗೆ ಬಾಯಿ ಬರುವುದಿಲ್ಲ. ಬಾಗಿಲಲ್ಲೇ ಚಪ್ಪಲಿ ನೋಡಿಕೊಂಡು ನಿಲ್ಲುತ್ತಾನೆ. ನಿನಗೆ ಪಾಪ ಅನ್ನಿಸುತ್ತದೆ. ನೀರು ಬೇಕಾದರೆ ಕೊಡು. ಅವನು ಹೇಳಿ ಮುಗಿಸುವವರೆಗೂ ಊಟಕ್ಕೆ ಕರೆಯಬೇಡ.

ಮುಗಿಸಿದ ಮೇಲೆ ಹಾಕು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ.

ಆಂಜಿ